ತೂಕದಣ್ಣನ ಸೀಸ

ಅವನ ಹೆಸರು ಹಿಡಿದು ಕರೆದರೆ ಅವನೇ ಪಕ್ಕದವರ ಮುಖ ನೋಡುತ್ತಿದ್ದ. ರೇಸ್ ಟ್ರ್ಯಾಕಿನಲ್ಲಿ ಎಲ್ಲರಿಗೂ ಅವನು ತೂಕದಣ್ಣ. ರೇಸಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಒಂದೊಂದು ಗಾಡಿಯನ್ನೂ ತೂಕಕ್ಕೆ ನಿಲ್ಲಿಸುವುದು ಅವನ ಕೆಲಸ. ಅವನು ಕೂಗಿದ ಅಂಕಿಯನ್ನು ಕಿಟಕಿ ಪಕ್ಕ ಕೂತು ಬರೆದುಕೊಳ್ಳುವುದು ನನ್ನ ಕೆಲಸ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ನನ್ನನ್ನು ‘ಅಕ್ಕಾ’ ಎಂದೇ ಕರೆಯುತ್ತಿದ್ದ. ಎಷ್ಟು ಸಿಡುಕಿದರೂ ಬಿಡಲಿಲ್ಲ. ಕೊನೆಗೆ ಇಡೀ ಟ್ರ್ಯಾಕಿಗೇ ನಾನು ಅಕ್ಕನಾದೆ.

ನಮ್ಮದು ತಗಡಿನ ಮಾಡಿನ ಒಂದು ಷೆಡ್ಡು. ನೆಲದಲ್ಲಿ ನಾಲ್ಕು ತೂಕದ ಹಲಗೆ, ಚಕ್ರಕ್ಕೊಂದು. ಗೋಡೆಯ ಮೇಲೊಂದು ಪೆಟ್ಟಿಗೆ, ಅದರಲ್ಲಿ ಕೆಂಪು ಅಂಕಿಗಳು. ಮೊದಲು ಗಾಡಿಯನ್ನು ಖಾಲಿ ತೂಗಬೇಕು, ಆಮೇಲೆ ಓಡಿಸುವವರನ್ನು ಕೂರಿಸಿ ತೂಗಬೇಕು. ಗಾಡಿ, ಆಳು ಎರಡೂ ಸೇರಿ ಇಂತಿಷ್ಟು ಇರಲೇಬೇಕು, ಒಂದು ಕೆಜಿ ಕಡಿಮೆಯಾದರೂ ಮನೆಗೆ. ಅದಕ್ಕೇ ತೂಕದಣ್ಣ ಎಲ್ಲರಿಗೂ “ಉಸಿರು ತುಂಬ್ಕೊಳ್ಳಿ” ಅನ್ನುತ್ತಿದ್ದ. ಓದು ಬರಹ ಬಲ್ಲ ದೊಡ್ಡ ದೊಡ್ಡ ಮನುಷ್ಯರು, ಗಾಳಿಯೂ ತೂಕಕ್ಕೆ ಸೇರುತ್ತದೇನೋ ಎಂಬಂತೆ ಎದೆ ಉಬ್ಬಿಸಿಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಅವನು ನನ್ನ ಕಡೆ ನೋಡಿ ಮೀಸೆಯಡಿಯಲ್ಲೇ ನಗುತ್ತಿದ್ದ. ಅವನು ನಗುತ್ತಿದ್ದುದು ಅದೊಂದೇ ಹೊತ್ತಿನಲ್ಲಿ.

ಇಲ್ಲಿ ಓಡುವುದು ಒಂದೇ ಮಾಡೆಲ್ಲಿನ ಗಾಡಿಗಳು. ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ ಪುಟ್ಟ ಸ್ಪೋರ್ಟ್ಸ್ ಕಾರು. ಎಲ್ಲರ ಎಂಜಿನ್ನೂ ಒಂದೇ, ಟೈರೂ ಒಂದೇ. ಸೋತರೆ ಗಾಡಿಯನ್ನು ಬಯ್ಯುವ ಹಾಗಿಲ್ಲ, ತನ್ನನ್ನೇ ಬೈದುಕೊಳ್ಳಬೇಕು. ಮೈಯಲ್ಲಿ ಮಾಂಸವಿಲ್ಲದವರು ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಸೀಸದ ಗಟ್ಟಿ ಕೂರಿಸಿಕೊಂಡು ತೂಕ ಸರಿ ಮಾಡಿಕೊಳ್ಳಬೇಕು. ಆ ಗಟ್ಟಿಗಳನ್ನು ಹೊಯ್ಯುತ್ತಿದ್ದವನೂ ತೂಕದಣ್ಣನೇ. ಹಿತ್ತಲಲ್ಲಿ ಸೀಸ ಕರಗಿಸಿ, ಬ್ರೆಡ್ ಬೇಯಿಸುವ ಒಂದು ಹಳೇ ತಗಡಿನ ಅಚ್ಚಿಗೆ ಹೊಯ್ಯುತ್ತಿದ್ದ. ಅಚ್ಚಿನ ಒಂದು ಮೂಲೆ ನೆಗ್ಗಿಹೋಗಿತ್ತು, ಹಾಗಾಗಿ ಪ್ರತಿ ಗಟ್ಟಿಯದೂ ಒಂದು ಮೂಲೆ ಮೊಂಡ. ಆ ಕಾಲದಲ್ಲಿ ಟ್ರ್ಯಾಕಿನಲ್ಲಿದ್ದ ಸೀಸವೆಲ್ಲ ಆ ಒಂದೇ ಅಚ್ಚಿನದು.

ಅವನಿಗೊಂದು ಖಯಾಲಿಯಿತ್ತು. ಬಿಗಿದದ್ದನ್ನೇ ಮತ್ತೆ ಬಿಗಿಯುವುದು. ಅವನು ಮುಚ್ಚಿದ ನಲ್ಲಿ ತೆರೆಯಲು ಪೈಲ್ವಾನನನ್ನು ಕರೆಸಬೇಕಿತ್ತು. ಷೆಡ್ಡಿಗೆ ಬೀಗ ಹಾಕಿ ಗೇಟಿನ ತನಕ ಬಂದವನು ಮತ್ತೆ ವಾಪಸ್ ಹೋಗಿ ಬೀಗ ಜಗ್ಗಿ ನೋಡುತ್ತಿದ್ದ. ನನ್ನ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನೂ ಹಾಗೇ ಅಮುಕಿಟ್ಟು ನನ್ನ ಊಟ ಕೆಡಿಸಿದ್ದಾನೆ. ಎಲ್ಲರೂ ತಮಾಷೆ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ. ಆದರೆ ಅದು ಎಲ್ಲಿಂದ ಶುರುವಾದದ್ದೆಂದು ನನಗೆ ಗೊತ್ತಿತ್ತು.

ಅವನಿಗೊಬ್ಬ ತಮ್ಮನಿದ್ದ. ತಂದೆ ತಾಯಿ ಬೇಗ ಹೋದದ್ದರಿಂದ ತೂಕದಣ್ಣನೇ ಅವನನ್ನು ಸಾಕಿದ್ದ. ತಾನು ಮದುವೆಯಾಗಲಿಲ್ಲ, ತಮ್ಮನಿಗೆ ಮಾಡಿಸಿದ. ತಮ್ಮ ಕಡ್ಡಿ ಹಾಗಿದ್ದ, ಒದ್ದೆ ಬಟ್ಟೆಯಲ್ಲಿ ತೂಗಿದರೂ ಅಂಕಿ ಮೇಲೇರುತ್ತಿರಲಿಲ್ಲ. ಆದರೆ ಸ್ಟೀರಿಂಗ್ ಹಿಡಿದನೆಂದರೆ ಗಾಡಿ ಅವನ ಮಾತು ಕೇಳುತ್ತಿತ್ತು. ಎಡಗೈಯವನು. ಬೋಲ್ಟು ಸಡಿಲವಾಗದಿರಲೆಂದು ಅದರ ತಲೆಯ ತೂತಿಗೆ ತಂತಿ ಪೋಣಿಸಿ ಹುರಿ ಮಾಡಿ ಕಟ್ಟುತ್ತಾರಲ್ಲ, ಅವನು ಕಟ್ಟಿದರೆ ಹುರಿ ಉಲ್ಟಾ ಸುತ್ತಿಕೊಂಡಿರುತ್ತಿತ್ತು. “ನಿನ್ನ ಎಡವಟ್ಟು ಹುರಿ ಬಿಚ್ಚಿ ಬಿಚ್ಚಿ ನನ್ನ ಆಯಸ್ಸು ಮುಗೀತು ಕಣೋ” ಎಂದು ಅಣ್ಣ ಬಯ್ಯುವುದು, ತಮ್ಮ ಹಲ್ಲು ಕಿರಿಯುವುದು, ಇದು ಪ್ರತಿ ರೇಸಿನಲ್ಲೂ ಇದ್ದದ್ದೇ.

ಒಂದು ರೇಸಿನ ಬೆಳಿಗ್ಗೆ ತೂಕದಣ್ಣ ತಮ್ಮನ ಗಾಡಿಗೆ ಎರಡು ಸೀಸದ ಗಟ್ಟಿ ಕೂರಿಸುತ್ತಿದ್ದ. ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸಿದ್ದ. ಅಷ್ಟರಲ್ಲಿ ತೂಕದ ಪೆಟ್ಟಿಗೆ ಕೈಕೊಟ್ಟಿತು, ಎಲ್ಲರೂ ಅವನನ್ನು ಕೂಗಿದರು. ಓಡಿದ. ಅದನ್ನು ಸರಿಮಾಡಿ ಬರುವಷ್ಟರಲ್ಲಿ ಸೀಸದ ಮೇಲೆ ರಬ್ಬರ್ ಹಾಸು ಬಿದ್ದಿತ್ತು, ತಮ್ಮ ಹೆಲ್ಮೆಟ್ ಹಾಕಿ ಕೂತಿದ್ದ, ಸಾಲು ಹೊರಟಿತ್ತು. ಎಂಜಿನ್ನುಗಳ ಅಬ್ಬರದಲ್ಲಿ ಬೋಲ್ಟು ಬಿಗಿದೆಯಾ ಎಂದು ಕೇಳಲಾಗಲಿಲ್ಲ. ತಮ್ಮ ಕೈ ಎತ್ತಿ ಹೋದ. ಉದ್ದನೆಯ ನೇರ ದಾರಿ ಮುಗಿಯುವಲ್ಲಿ ಒಂದು ತಿರುವಿದೆ, ನಮ್ಮ ಷೆಡ್ಡಿಗೆ ಕಾಣುವುದಿಲ್ಲ. ಅಲ್ಲಿ ಅವನು ಬ್ರೇಕ್ ಹಿಡಿಯಲೇ ಇಲ್ಲ. ನೇರವಾಗಿ ಹೋಗಿ ಮಣ್ಣಿನ ದಿಬ್ಬಕ್ಕೆ ಗುದ್ದಿದ, ಅಲ್ಲೇ ಪ್ರಾಣ ಹೋಯಿತು.

ತೂಕದಣ್ಣ ಓಡಿ ಹೋದಾಗ ಹುಲ್ಲಿನ ಮೇಲೆ ಒಂದು ಸೀಸದ ಗಟ್ಟಿ ಬಿದ್ದಿತ್ತು. ಒಂದು ಮೂಲೆ ಮೊಂಡ. ಸಡಿಲ ಬೋಲ್ಟು, ಕಿತ್ತುಬಂದ ಸೀಸ, ಜಾರಿ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡಿದೆ, ಗುದ್ದಿದಾಗ ಹೊರಗೆ ಹಾರಿದೆ. ಅವನು ಅಲ್ಲೇ ನಿಂತು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಸುತ್ತ ನಿಂತವರು ಯಾರೂ ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಗಾಡಿಗೆ ಟಾರ್ಪಾಲಿನ್ ಮುಚ್ಚಿ ಲಾರಿಗೆ ಏರಿಸಿದರು, ಯಾವುದೋ ಊರಿನ ಗ್ಯಾರೇಜಿನವನು ಕೊಂಡುಹೋದ. ಆ ಟಾರ್ಪಾಲಿನ್ ಎತ್ತಿ ನೋಡುವ ಧೈರ್ಯ ತೂಕದಣ್ಣನಿಗೆ ಬರಲಿಲ್ಲ.

“ಒಂದೊಂದು ದಿನ ಬಿಗಿದಿದ್ದೆ ಅಂತ ನೆನಪಾಗುತ್ತೆ ಅಕ್ಕಾ. ಸ್ಪ್ಯಾನರ್ ತಣ್ಣಗೆ ಕೈಗೆ ತಾಗಿದ್ದೂ ನೆನಪಾಗುತ್ತೆ. ಮಾರನೇ ದಿನ ನೋಡಿದ್ರೆ ಇಲ್ಲ, ಬಿಗಿದಿರಲಿಲ್ಲ” ಎಂದು ಒಮ್ಮೆ ಹೇಳಿದ್ದ. ತಮ್ಮನ ಹೆಂಡತಿಯ ಮನೆ ಒಂದು ಬಸ್ಸು ಹತ್ತಿದರೆ ಸಿಗುತ್ತಿತ್ತು. ಸಾವಿನ ಮನೆಯಿಂದ ಹೊರಬಿದ್ದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಿಂಗಳು ತಿಂಗಳು ಏನಾದರೂ ಕಳಿಸುತ್ತಿದ್ದ, ಮುಖ ತೋರಿಸುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ಕಳೆಯಿತು.

ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಖಾಲಿ ಗಾಡಿಯನ್ನು ಹಲಗೆಯ ಮೇಲೆ ನಿಲ್ಲಿಸಿದಾಗ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಹೊಯ್ದಾಡಿ ಆಮೇಲೆ ನಿಲ್ಲುತ್ತವೆ. ಅದು ಸ್ಪ್ರಿಂಗಿನ ಕುಲುಕಾಟ, ಅವನಿಗೂ ಗೊತ್ತು. ಆದರೂ ಅಂಕಿ ನಿಲ್ಲುವ ತನಕ ಅವನು ಖಾಲಿ ಸೀಟನ್ನೇ ನೋಡುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, “ಯಾರೋ ಕೂತು ಎದ್ದು ಹೋದ ಹಾಗೆ ಅನ್ಸುತ್ತೆ” ಎಂದ.

ಈ ನಡುವೆ ತಮ್ಮ ಓಡಿಸುತ್ತಿದ್ದ ಮಾಡೆಲ್ ನಿಂತುಹೋಗಿ ಅದೇ ಕಂಪನಿಯ ಹೊಸ ಮಾಡೆಲ್ ಬಂದಿತ್ತು. ರೇಸೂ ಹೊಸದಕ್ಕೇ ಮೀಸಲಾಯಿತು. ಹೊಸ ಗಾಡಿಗೆ ಹಣ ಸುರಿಯಲಾಗದೆ ಒಬ್ಬೊಬ್ಬರೇ ಕಳಚಿಕೊಂಡರು. ಕಳೆದ ವರ್ಷ ಸಾಲಿನಲ್ಲಿ ಗಾಡಿಗಳಿಗಿಂತ ಬಾವುಟ ಹಿಡಿದವರೇ ಹೆಚ್ಚಿದ್ದರು. ಕೊನೆಗೆ ಸಂಘದ ಅಧ್ಯಕ್ಷರು ಸಭೆ ಕರೆದರು. ಅವರೂ ಹಿಂದೆ ಇಲ್ಲಿ ಓಡಿಸಿದವರೇ, ಈಗ ಹೊಟ್ಟೆ ಬಂದು ಸ್ಟೀರಿಂಗಿಗೂ ಅವರಿಗೂ ನಡುವೆ ಜಾಗವಿಲ್ಲ.

“ಹಳೇ ಮಾಡೆಲ್‌ಗಳನ್ನೂ ಸೇರಿಸ್ಕೊಳ್ಳೋಣ. ಎಷ್ಟೋ ಷೆಡ್‌ಗಳಲ್ಲಿ ಧೂಳು ತಿಂತಾ ನಿಂತಿವೆ. ಎಂಜಿನ್ ಶಕ್ತಿ ಕಡಿಮೆ, ಅದಕ್ಕೆ ತೂಕದಲ್ಲಿ ಸ್ವಲ್ಪ ರಿಯಾಯಿತಿ ಕೊಟ್ರೆ ಸಮಸಮ ಆಗುತ್ತೆ” ಎಂದರು ಅಧ್ಯಕ್ಷರು.

ಎಲ್ಲರೂ ತಲೆಯಾಡಿಸುತ್ತಿದ್ದಾಗ ತೂಕದಣ್ಣ ಎದ್ದು ನಿಂತ. ಸಭೆಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. “ಬೇಡ. ತಳ ತುಕ್ಕು ಹಿಡಿದಿರುತ್ತೆ. ಯಾರು ಎಲ್ಲಿ ಏನು ಬೆಸುಗೆ ಹಾಕಿದ್ದಾರೋ ಗೊತ್ತಿರಲ್ಲ. ಹೋದದ್ದು ಹೋಯ್ತು, ಯಾಕೆ ಕೆದಕ್ತೀರಾ?” ಎಂದ.

“ಅದನ್ನ ನೋಡೋಕೇ ನೀವಿದ್ದೀರಲ್ಲ ತೂಕದಣ್ಣ” ಎಂದು ಯಾರೋ ನಕ್ಕರು. ಕೈ ಎತ್ತಿಸಿದಾಗ ಬೇಡ ಅಂದದ್ದು ಅವನೊಬ್ಬನೇ. ನಾನು ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಯಾವ ಗಾಡಿ ಬಂದೀತೆಂದು ಅವನು ಹೆದರಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಹೊರಗೆ ಬಂದಾಗ “ಆ ಗಾಡಿ ಇಷ್ಟೊತ್ತಿಗೆ ಗುಜರಿ ಸೇರಿ ಪಾತ್ರೆ ಪಗಡ ಆಗಿರುತ್ತೆ, ನೀನು ಸುಮ್ನಿರು” ಎಂದೆ. ಅವನು ಹೂಂ ಅಂದ.

ಹಳೇ ಗಾಡಿಗಳು ಬರತೊಡಗಿದವು. ಒಂದರ ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು, ಇನ್ನೊಂದರ ಡಿಕ್ಕಿಯಲ್ಲಿ ಯಾರದೋ ಮಗುವಿನ ಒಂಟಿ ಚಪ್ಪಲಿ. ಹೊಸ ಗಾಡಿಯವರು ಮೂಗು ಮುರಿದರು, ಆದರೂ ಅಂಗಳ ತುಂಬಿತು. ಪ್ರತಿ ಹಳೇ ಗಾಡಿ ಷೆಡ್ಡಿಗೆ ಬಂದಾಗಲೂ ತೂಕದಣ್ಣ ಮೊದಲು ಡ್ಯಾಶ್‌ಬೋರ್ಡ್ ನೋಡುತ್ತಿದ್ದ, ಆಮೇಲೆ ಉಸಿರು ಬಿಡುತ್ತಿದ್ದ.

ಎರಡನೇ ರೇಸಿನ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಒಂದು ಬಿಳಿ ಗಾಡಿ ತಂದರು. ನಮ್ಮಲ್ಲಿ ಹೊಸಬರು, ಮಾತಿನ ಮಲ್ಲಿ. ಯಾವುದೋ ಊರಿನ ಗ್ಯಾರೇಜಿನಲ್ಲಿ ಕಂಡು ಮೆಚ್ಚಿ ಕೊಂಡದ್ದಂತೆ. ತೂಕದಣ್ಣ ಡ್ಯಾಶ್‌ಬೋರ್ಡ್ ನೋಡಿದ. ಅಲ್ಲಿ ಒಂದು ತೂತಿಗೆ ರಬ್ಬರ್ ಬಿರಡೆ ತುರುಕಿತ್ತು. ತಮ್ಮನಿಗೆ ಗಡಿಯಾರ ಕೂರಿಸಲು ಹೋಗಿ ಅವನೇ ತಪ್ಪು ಜಾಗದಲ್ಲಿ ಕೊರೆದು, ಅವನೇ ಮುಚ್ಚಿದ್ದ ತೂತು ಅದು. ಬಣ್ಣ ಬದಲಾಗಿತ್ತು, ಮೂತಿ ಹೊಸದಾಗಿತ್ತು, ಬಿರಡೆ ಮಾತ್ರ ಅಲ್ಲೇ ಇತ್ತು.

ಅವನು ಗೋಡೆಗೆ ಕೈ ಊರಿ ನಿಂತ. “ಅಕ್ಕಾ, ಇದರದ್ದು ನೀನೇ ಓದು” ಎಂದ.

ನಾನು ಎದ್ದು ಹೋಗಿ ಓದಿದೆ. ಖಾಲಿ ಗಾಡಿ ತನ್ನ ಜೊತೆಯ ಹಳೇ ಗಾಡಿಗಳಿಗಿಂತ ಇಪ್ಪತ್ತೆರಡು ಕೆಜಿ ಹೆಚ್ಚು ತೂಗುತ್ತಿತ್ತು. ಡಾಕ್ಟರಮ್ಮ ಲಬೋ ಲಬೋ ಎಂದರು. “ಒಳಗೆ ಏನೂ ಇಲ್ವಲ್ರೀ! ಸ್ಟೆಪ್ನಿ ಕೂಡ ತೆಗೆದಿದ್ದೀನಿ. ಹಳೇ ಗಾಡಿಗೆ ರಿಯಾಯಿತಿ ಕೊಟ್ಟಿದ್ದೂ ದಂಡ ಆಯ್ತು. ಒಳಗೆ ಯಾರಾದ್ರೂ ಕೂತಿದ್ದಾರಾ?”

ಅವರು ತಮಾಷೆಗೆ ಅಂದದ್ದು. ತೂಕದಣ್ಣನ ಮುಖ ಬಿಳಿಚಿಕೊಂಡಿತು. ಆದರೆ ಅಂಕಿ ನನ್ನ ತಲೆಯೊಳಗೆ ಸುತ್ತುತ್ತಿತ್ತು. ಅವನ ಅಚ್ಚಿನ ಒಂದು ಗಟ್ಟಿ ಹನ್ನೊಂದು ಕೆಜಿ. ನಾನು ಎಷ್ಟು ಸಲ ಬರೆದಿಲ್ಲ! ಎರಡಾದರೆ ಇಪ್ಪತ್ತೆರಡು. ನಾನು ಅವನ ತೋಳು ಹಿಡಿದು, “ಪಕ್ಕದ ಸೀಟಿನ ಮುಂದೆ ನೋಡು” ಎಂದೆ.

ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಗ್ಯಾರೇಜಿನವನು ಅಲ್ಯೂಮಿನಿಯಂ ತಗಡು ಹೊದಿಸಿ ರಿವೆಟ್ ಹೊಡೆದಿದ್ದ. ಮುಂಭಾಗ ರಿಪೇರಿ ಮಾಡಿ, ತಳವನ್ನು ಹಾಗೇ ಮುಚ್ಚಿ, ರಸ್ತೆಗೆ ಬಿಟ್ಟಿದ್ದ. ತೂಕದಣ್ಣ ರಿವೆಟ್ ಕೊರೆದು ತೆಗೆದ. ಕೊನೆಯೆರಡಕ್ಕೆ ಬಂದಾಗ ಡ್ರಿಲ್ಲನ್ನು ಡಾಕ್ಟರಮ್ಮನ ಕೈಗೆ ಕೊಟ್ಟುಬಿಟ್ಟ. ತಗಡಿನ ಕೆಳಗೆ ಮಣ್ಣು ಬಣ್ಣಕ್ಕೆ ತಿರುಗಿದ ರಬ್ಬರ್ ಹಾಸು. ಹಾಸಿನ ಕೆಳಗೆ ಸೀಸದ ಎರಡು ಗಟ್ಟಿ, ಅಕ್ಕಪಕ್ಕ, ಕೂರಿಸಿದ ಜಾಗದಲ್ಲೇ.

ಅವನು ಒಂದನ್ನು ಅಲುಗಿಸಿ ನೋಡಿದ. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ, ಕಾಲು ಕೊಟ್ಟು ಜಗ್ಗಿದ, ಗಾಡಿ ಅಲುಗಿತು, ಸೀಸ ಅಲುಗಲಿಲ್ಲ. ಆಮೇಲೆ ಬೋಲ್ಟುಗಳ ತಲೆಯ ಮೇಲಿನ ಕೊಳೆಯನ್ನು ಬೆರಳಿನಿಂದ ಒರೆಸಿದ. ಪ್ರತಿ ಬೋಲ್ಟಿಗೂ ತಂತಿ ಕಟ್ಟಿತ್ತು. ಹುರಿ ಉಲ್ಟಾ ಸುತ್ತಿಕೊಂಡಿತ್ತು.

“ನಾನು ತಂತಿ ಕಟ್ಟಿರಲಿಲ್ಲ, ಅದು ಮಾತ್ರ ಚೆನ್ನಾಗಿ ಗೊತ್ತು” ಎಂದ, ಬಹಳ ಮೆಲ್ಲಗೆ. “ಇದು ಅವನದು. ನಾನು ಆ ಕಡೆ ಹೋದಾಗ ಅವನೇ ಬಿಗಿದು ಕಟ್ಟಿದಾನೆ. ಎಡವಟ್ಟು ನನ್ಮಗ, ಅವನೇ ಕಟ್ಟಿದಾನೆ.” ಗಾಡಿಯ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟ. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಜನ ಸೇರಿದ್ದರು. ಅಧ್ಯಕ್ಷರಿದ್ದರು, ಆ ಕಾಲದಲ್ಲಿ ಓಡಿಸಿದ ಇನ್ನೂ ಇಬ್ಬರಿದ್ದರು. “ಹಾಗಾದ್ರೆ ಆವತ್ತು ಹುಲ್ಲಲ್ಲಿ ಬಿದ್ದಿದ್ದ ಸೀಸ ಯಾರದು?” ಎಂದು ನಾನು ಕೇಳಿದೆ. ಮೂವರೂ ಕಾಲಬುಡ ನೋಡಿದರು.

ಕೊನೆಗೆ ಅಧ್ಯಕ್ಷರೇ ಬಾಯಿಬಿಟ್ಟರು. ಆಗೆಲ್ಲ ಕೆಲವರು ಸೀಸವನ್ನು ಬೋಲ್ಟು ಹಾಕದೆ ಸುಮ್ಮನೆ ಇಟ್ಟುಕೊಂಡು ತೂಕಕ್ಕೆ ಬರುತ್ತಿದ್ದರಂತೆ. ರೇಸ್ ಶುರುವಾಗುವ ಮುಂಚೆ ನಿಧಾನವಾಗಿ ಒಂದು ಸುತ್ತು ಹೋಗುವಾಗ, ನಮ್ಮ ಷೆಡ್ಡಿಗೆ ಕಾಣದ ಆ ತಿರುವಿನಲ್ಲಿ ಹುಲ್ಲಿಗೆ ಎಸೆದು ಗಾಡಿ ಹಗುರ ಮಾಡಿಕೊಳ್ಳುತ್ತಿದ್ದರಂತೆ. ಮುಗಿದ ಮೇಲೆ ಹಿಂದಿರುಗುವ ಸುತ್ತಿನಲ್ಲಿ ಅಲ್ಲೇ ನಿಂತು ಎತ್ತಿಟ್ಟುಕೊಳ್ಳುವುದು.

“ಆವತ್ತು ನಾನೂ ಎಸೆದಿದ್ದೆ. ಇವರೂ ಎಸೆದಿದ್ರು. ನೀವು ನೋಡಿದ್ದು ಯಾರದ್ದು ಅಂತ ನಮಗೇ ಗೊತ್ತಿಲ್ಲ. ಹೇಳಿದ್ರೆ ಮೋಸ ಬಯಲಾಗುತ್ತಿತ್ತು. ನಮ್ಮ ಸೀಸ ತಾಗಿಯೇ ಅವನ ಗಾಡಿ ದಾರಿ ತಪ್ಪಿತೇನೋ ಅನ್ನೋ ಭಯ ಬೇರೆ. ಆದ್ರೆ ಅದು ಬಿದ್ದಿದ್ದು ದಾರಿಯಿಂದ ಆಚೆ, ಹುಲ್ಲಲ್ಲಿ. ನೀವು ಇಷ್ಟು ವರ್ಷ ಅದನ್ನ ತಲೆ ಮೇಲೆ ಹೊತ್ಕೊಂಡಿದ್ದೀರಿ ಅಂತ...” ಅಧ್ಯಕ್ಷರು ಅವನಿಗೆ ಕೈ ಮುಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಅವನ ಮುಂದೆ ಉಸಿರು ತುಂಬಿಕೊಂಡು ಕೂತವರು, ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವರು! ನಾಲ್ಕು ಮಾತು ಚೆನ್ನಾಗಿಯೇ ಆಡಿದೆ, ಇಲ್ಲಿ ಬರೆಯುವಂಥವಲ್ಲ. ತೂಕದಣ್ಣ ಮಾತ್ರ ಅವರ ಕಡೆ ತಿರುಗಿಯೂ ನೋಡಲಿಲ್ಲ. ಇಕ್ಕಳ ತೆಗೆದುಕೊಂಡು ಒಂದು ತಂತಿಯನ್ನು ಹುರಿ ಬಿಚ್ಚದ ಹಾಗೆ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡ. “ಅಕ್ಕಾ, ನನ್ನ ಜೊತೆ ಬರ್ತೀಯಾ? ಒಬ್ಬನೇ ಹೋದ್ರೆ ಬಸ್ ಸ್ಟಾಪಿನಿಂದಾನೇ ವಾಪಸ್ ಬಂದ್ಬಿಡ್ತೀನಿ” ಎಂದ.

ಮರುದಿನ ಮಧ್ಯಾಹ್ನ ಹೋದೆವು. ಬಾಗಿಲು ತೆರೆದ ಹೆಂಗಸಿನ ಕೂದಲು ಅರ್ಧ ನರೆತಿತ್ತು. “ಭಾವ” ಎಂದಳು, ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಳು. ಒಳಗೆ ಒಂದು ಮೇಜು, ಎರಡು ಕುರ್ಚಿ, ಹೊಲಿಗೆ ಮಿಷನ್ನು. ಗೋಡೆಯಲ್ಲಿ ತಮ್ಮನ ಫೋಟೋ, ಹಲ್ಲು ಕಿರಿದುಕೊಂಡೇ ಇದ್ದ. ತೂಕದಣ್ಣ ಕೂರಲಿಲ್ಲ. ತಂತಿಯನ್ನು ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದ. ಬೋಲ್ಟು, ಸೀಸ, ಹುಲ್ಲು, ತಾನು ಬಿಗಿಯದೆ ಹೋದೆನೆಂದು ನಂಬಿದ್ದು, ಆ ಮುಖ ಹೊತ್ತು ಈ ಹೊಸ್ತಿಲು ತುಳಿಯಲು ಆಗದೇ ಹೋದದ್ದು.

ಅವಳು ತಂತಿಯನ್ನು ಎತ್ತಿ ಹುರಿಯ ಮೇಲೆ ಬೆರಳಾಡಿಸಿದಳು. “ನೀವು ಅದಕ್ಕಾ ಬರದೇ ಇದ್ದದ್ದು?” ಎಂದಳು.

“ಮತ್ತಿನ್ಯಾಕಮ್ಮಾ?”

“ಆವತ್ತು ಬೆಳಿಗ್ಗೆ ನಮಗೆ ಜಗಳ ಆಗಿತ್ತು ಭಾವ. ಹೋಗ್ಬೇಡಿ ಅಂತ ಹಟ ಹಿಡಿದೆ. ಕೊನೆಗೆ ಸಿಟ್ಟಲ್ಲಿ, ಹೋದ್ರೆ ಮತ್ತೆ ಬರ್ಲೇಬೇಡಿ ಅಂದ್ಬಿಟ್ಟೆ. ತಿಂಡಿ ಕೂಡ ಮುಟ್ಟದೆ ಎದ್ದು ಹೋದ್ರು. ಅವರು ಅದನ್ನ ನಿಮಗೆ ಹೇಳಿರ್ತಾರೆ, ಅದಕ್ಕೇ ನೀವು ನನ್ನ ಮುಖ ನೋಡಲ್ಲ ಅಂದ್ಕೊಂಡಿದ್ದೆ. ಇವಳ ಬಾಯಿಂದಾನೇ ನನ್ನ ತಮ್ಮ ಹೋದ ಅಂತ...”

“ಅವನು ಏನೂ ಹೇಳ್ಲಿಲ್ಲ. ನಿನ್ನ ಮೇಲೆ ಒಂದು ಮಾತೂ ಆಡ್ಲಿಲ್ಲ” ಎಂದ ತೂಕದಣ್ಣ. “ಹೊರಡುವಾಗ ಕೈ ಎತ್ತಿದ, ಅಷ್ಟೇ. ನಗ್ತಾ ಇದ್ದ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಿಷನ್ನಿನ ಪಕ್ಕದ ನಲ್ಲಿ ತೊಟ್ಟಿಕ್ಕುತ್ತಿತ್ತು, ಅವನು ಯಾವತ್ತಿನ ಹಾಗೆ ಹೋಗಿ ಬಿಗಿಯಲಿಲ್ಲ, ಅವಳೆದುರು ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಅವಳು ತಲೆ ಎತ್ತಿ, “ಹಾಗಾದ್ರೆ ಬ್ರೇಕ್ ಯಾಕೆ ಹಿಡೀಲಿಲ್ಲ ಭಾವ?” ಎಂದು ಕೇಳಿದಳು.

ತೂಕದಣ್ಣ ಗೋಡೆಯ ಫೋಟೋ ಕಡೆ ತಿರುಗಿದ.

ಹೊರಡುವಾಗ ಅವಳು ಗೇಟಿನವರೆಗೆ ಬಂದು, ಇನ್ನು ಮೇಲೆ ಬರುತ್ತಿರಬೇಕೆಂದು ಅವನಿಂದ ಮಾತು ತೆಗೆದುಕೊಂಡಳು. ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಈಗಲಾದರೂ ಎದೆ ಹಗುರಾಯಿತಾ ಎಂದು ಕೇಳಿದೆ.

“ಇಷ್ಟು ವರ್ಷ ಅವನು ಯಾಕೆ ಹೋದ ಅಂತ ಗೊತ್ತಿತ್ತು ಅಕ್ಕಾ. ನನ್ನಿಂದ ಹೋದ, ಮುಗೀತು. ರಾತ್ರಿ ಎಚ್ಚರ ಆದ್ರೆ ಬೈದ್ಕೊಳ್ಳೋಕೆ ನಾನಿದ್ದೆ. ಈಗ ಎಚ್ಚರ ಆದ್ರೆ ಯಾರನ್ನ ಕೇಳ್ಲಿ?” ಎಂದ.

ಮುಂದಿನ ರೇಸಿಗೆ ಡಾಕ್ಟರಮ್ಮನ ಬಿಳಿ ಗಾಡಿ ಸೀಸ ತೆಗೆಸಿಕೊಂಡು ಷೆಡ್ಡಿಗೆ ಬಂತು. ಅವರು ಹೆಲ್ಮೆಟ್ ತರಲು ಹೊರಗೆ ಹೋಗಿದ್ದರು, ಗಾಡಿ ಖಾಲಿ ನಿಂತಿತ್ತು. ನಾನು ಕಿಟಕಿ ಪಕ್ಕ ಪೆನ್ನು ಹಿಡಿದು ಕಾಯುತ್ತಿದ್ದೆ. ಗೋಡೆಯ ಮೇಲೆ ಅಂಕಿಗಳು ಹೊಯ್ದಾಡುತ್ತಿದ್ದವು. ತೂಕದಣ್ಣ ಖಾಲಿ ಸೀಟಿನ ಕಡೆ ಬಗ್ಗಿ, ಯಾರಿಗೂ ಕೇಳಿಸದು ಅಂದುಕೊಂಡು, “ಉಸಿರು ತುಂಬ್ಕೋ ಮರಿ” ಎಂದ.

ಅಂಕಿ ನಿಂತಿತು. ಇರಬೇಕಾದಷ್ಟೇ ಇತ್ತು. ಅವನು ನನ್ನ ಕಡೆ ತಿರುಗಿ ತೂಕ ಕೂಗಿದ. ನಾನು ಬರೆದುಕೊಂಡೆ.